ಟುವ್ವಿಯ ಪೂರ್ವಪಕ್ಷ: ಒಂದು ಸಂಶೋಧನಾ ಪ್ರಬಂಧ

ಪೀಠಿಕೆ

ಧಾರವಾಡದಲ್ಲಿ ಬೆಳಗಿನ ಆರಕ್ಕೇ ಬಾಯಿ ತೆರೆಯುವ ಜೀವಿಗಳು ಎರಡು: ಟುವ್ವಿ ಹಕ್ಕಿ ಮತ್ತು ವಾಕಿಂಗಿಗೆ ಹೊರಟ ನಿವೃತ್ತ ಪ್ರಾಧ್ಯಾಪಕರು. ಎರಡನೆಯವರ ಬಗ್ಗೆ ಬೇಕಾದಷ್ಟು ಸಾಹಿತ್ಯವಿದೆ, ಬಹುಪಾಲು ಅವರೇ ಬರೆದದ್ದು. ಆದ್ದರಿಂದ ಈ ಪ್ರಬಂಧ ಮೊದಲನೆಯದಕ್ಕೆ ಮೀಸಲು. ಸಿಂಪಿಗ ಎಂದೂ ಕರೆಯುವ ಈ ಹಕ್ಕಿ ಬಾಲ ಸೇರಿ ಐದಂಗುಲ. ತೂಕ 6ರಿಂದ 10 ಗ್ರಾಂ. ದನಿಗೆ ಮಾತ್ರ ಮೈಕು ಬೇಡ. ಓಣಿಗೆಲ್ಲ ಕೇಳಿಸುವುದು ಯಾರಿಗೂ ಕಾಣಿಸದೇಕೆ? ಇದೇ ನಮ್ಮ ಸಮಸ್ಯೆ.

ಪೂರ್ವಸೂರಿಗಳು

ಈ ಹಕ್ಕಿಯನ್ನು 1769ರಲ್ಲಿ ಶಾಸ್ತ್ರಕ್ಕೆ ಸೇರಿಸಿದ ಥಾಮಸ್ ಪೆನೆಂಟ್ ಹಿಂದೂಸ್ಥಾನದ ನೆಲ ಮೆಟ್ಟಿದವನೇ ಅಲ್ಲ. ಬೇರೆಯವರು ಬರೆಸಿ ತಂದ ಚಿತ್ರಗಳೇ ಅವನಿಗೆ ಆಧಾರ. 1893ರಲ್ಲಿ ಕಿಪ್ಲಿಂಗ್ ತನ್ನ ಮುಂಗುಸಿಯ ಕಥೆಯಲ್ಲಿ ಇದಕ್ಕೆ ‘ದರ್ಜಿ’ ಎಂದು ಹೆಸರಿಟ್ಟು, ಪೆದ್ದನ ಪಾತ್ರ ಕೊಟ್ಟ. ಹಕ್ಕಿಯ ಬಗ್ಗೆ ಬರೆಯಲು ಅದನ್ನು ಕಾಣಲೇಬೇಕಿಲ್ಲ, ಕಂಡವರು ಗೌರವಿಸಲೇಬೇಕಿಲ್ಲ ಎಂದು ಇಲ್ಲಿಗೆ ಸಿದ್ಧವಾಯಿತು. ತಾವೇ ನೋಡಿ, ತಾವೇ ಫೋಟೋ ತೆಗೆದು, ಕನ್ನಡದಲ್ಲಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ಅಪವಾದ. ಅಪವಾದಗಳನ್ನು ಬೆಳೆಸುವ ವಾಡಿಕೆ ಪ್ರಬಂಧಗಳಲ್ಲಿಲ್ಲ.

ಸಾಮಗ್ರಿ

600 ಮಿ.ಮೀ. ಲೆನ್ಸು ಒಂದು. ತೂಕ ಎರಡು ಕಿಲೋ, ಅಂದರೆ ಕಮ್ಮಿಯೆಂದರೂ ಇನ್ನೂರು ಟುವ್ವಿ. ಎಲೆಬಣ್ಣದ ಅಂಗಿ ಒಂದು. ಇದನ್ನು ತೊಟ್ಟರೆ ಹಕ್ಕಿಗೆ ಕಾಣುವುದಿಲ್ಲ ಎಂದು ಅಂಗಡಿಯವನ ಮತ. ಹಕ್ಕಿ ಬಿಟ್ಟು ಉಳಿದ ಊರಿಗೆಲ್ಲ ಕಾಣತೈತಿ ಎಂದು ಅವ್ವನ ಮತ.

ಕ್ಷೇತ್ರಕಾರ್ಯ

ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನ, ಸಾಧನಕೇರಿಯ ಬೇಲಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟ, ಕೆಲಗೇರಿ ಕೆರೆಯ ದಂಡೆ: ನಾಲ್ಕೂ ಕಡೆ ಸಿಕ್ಕ ಫಲಿತಾಂಶ ಎಲೆ. ಕ್ಯಾಮರಾ ಎತ್ತುವಷ್ಟರಲ್ಲಿ ಹಕ್ಕಿ ಬೇರೆ ಟೊಂಗೆಗೆ ಪಕ್ಷಾಂತರ ಮಾಡಿರುತ್ತದೆ. ಕೆಲಗೇರಿಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು:

“ಸರ್ವೇದವರೇನ್ರಿ?”

“ಅಲ್ರೀ, ಹಕ್ಕಿ ಹುಡಕಾಕತ್ತೀನಿ.”

“ಎಷ್ಟ್ ದೊಡ್ಡದೈತ್ರಿ?”

ಹೆಬ್ಬೆರಳು ತೋರಿಸಿದೆ. ಅವರು ಹೆಬ್ಬೆರಳು ನೋಡಿದರು, ಲೆನ್ಸು ನೋಡಿದರು. ಆಮೇಲೆ ಎಮ್ಮೆಯ ಕಡೆ ತಿರುಗಿ, “ನಡೀಯವಾ, ಹೊತ್ತಾತು” ಅಂದರು. ಇದನ್ನು ತಜ್ಞರ ಅಭಿಪ್ರಾಯವೆಂದು ದಾಖಲಿಸಲಾಗಿದೆ.

ಆಕಸ್ಮಿಕ ಶೋಧ

ಹನ್ನೊಂದನೆಯ ದಿನ ಜಿಟಿಜಿಟಿ ಮಳೆಯಲ್ಲಿ ತೊಯ್ದು ಮನೆಗೆ ಬಂದರೆ, ಅವ್ವ ಹಿತ್ತಲಿನ ಅಂಜೂರದ ಗಿಡಕ್ಕೆ ಬೊಟ್ಟು ಮಾಡಿದಳು. “ಅದಕ್ಯಾಕ ಅಷ್ಟ್ ದೂರ ಹೋಗ್ತಿ? ಇಲ್ಲೇ ಸಂಸಾರ ಹೂಡೈತಲ್ಲ.”

ಎರಡೆಲೆಗಳ ಅಂಚು ಕೂಡಿಸಿ ಹೊಲಿದಿತ್ತು. ಕೊಕ್ಕಿನಿಂದ ಚುಚ್ಚಿದ ಸಣ್ಣ ಸಣ್ಣ ತೂತು. ಅದರಲ್ಲಿ ಹತ್ತಿಯೆಳೆ, ಜೇಡನ ನೂಲು. ಗಂಟು ಹಾಕಿಲ್ಲ. ತೂತಿನಾಚೆ ಬಂದ ಎಳೆಯ ತುದಿ ಕೆದರಿಕೊಂಡು ತಾನೇ ಗುಂಡಿಯಂತೆ ಕಚ್ಚಿ ನಿಂತಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವವರ ಕೆಲಸಕ್ಕೆ ಮಾನಕ ಬ್ಯೂರೋದ ಮುದ್ರೆ ಬೇಕು. ಇಲ್ಲಿ ಮುದ್ರೆಯಿಲ್ಲ, ಮಳೆಗೆ ಒಂದು ಹೊಲಿಗೆಯೂ ಬಿಚ್ಚಿಲ್ಲ.

ಗೂಡಿನತ್ತ ಕ್ಯಾಮರಾ ತಿರುಗಿಸಬಾರದೆಂಬುದು ಪಕ್ಷಿವೀಕ್ಷಕರ ಕಟ್ಟಳೆ. ಬೇಲಿಯ ಮೇಲೆ ಗಂಡು ಕೂಗುತ್ತಿತ್ತು. ಕೂಗಿದಾಗಲೆಲ್ಲ ಕತ್ತಿನ ಮಗ್ಗುಲಲ್ಲಿ ಕರಿ ಮಚ್ಚೆಯೊಂದು ಕಂಡು ಮರೆಯಾಗುತ್ತಿತ್ತು. ಬರಿಗಣ್ಣಿಗೆ ಕಂಡಿತು. ಆರಡಿ ದೂರ. ನನ್ನ ಲೆನ್ಸಿಗೋ ಒಂಬತ್ತಡಿಯೊಳಗಿನದು ಗೋಚರಿಸುವುದೇ ಇಲ್ಲ. ಹಿಂದೆ ಸರಿದೆ, ಇನ್ನೂ ಸರಿದೆ. ಬಚ್ಚಲ ಗೋಡೆ ಬೆನ್ನಿಗೆ ತಾಗಿತು. ಕ್ಲಿಕ್ಕಿಸಿದೆ.

ಸಿದ್ಧಾಂತ

ತರ್ಕದಲ್ಲಿ ಪಕ್ಷವೆಂದರೆ ವಾದ. ನಿಘಂಟಿನಲ್ಲಿ ರೆಕ್ಕೆಯೂ ಹೌದು. ಚಿತ್ರದಲ್ಲಿ ಬೇಲಿ ಸ್ಪಷ್ಟವಾಗಿದೆ. ಒಣಹಾಕಿದ ಪಂಚೆ ಇನ್ನೂ ಸ್ಪಷ್ಟವಾಗಿದೆ. ಮೂಡಣ ಅಂಚಿನಲ್ಲಿ ಒಂದು ರೆಕ್ಕೆಯ ತುದಿಯಿದೆ: ಅದು ಪೂರ್ವಪಕ್ಷ. ಉತ್ತರಪಕ್ಷ ಪಕ್ಕದ ಮನೆಯ ಪೇರಲ ಗಿಡದಲ್ಲಿ ಕೂತು, ಟುವ್ವಿ ಟುವ್ವಿ ಎಂದು ಇನ್ನೂ ಮಂಡಿಸುತ್ತಿದೆ.