ಎರಡು ಸೀಟಿನ ಹೆಗಡೆಯವರು

ಪರಸ್ಥಳದಲ್ಲಿ ಮೂವತ್ತು ಮೂವತ್ತೈದು ವರ್ಷ ದೊಡ್ಡ ಹುದ್ದೆಯಲ್ಲಿದ್ದು, ನಿವೃತ್ತಿವೇತನದ ಜೊತೆಗೆ ಒಂದಿಷ್ಟು ಅಧಿಕಾರವಾಣಿಯನ್ನೂ ಸಂಪಾದಿಸಿಕೊಂಡು ಹುಟ್ಟೂರಿಗೆ ಮರಳಿದ ಮಹನೀಯರಿಗೆ ಕಾಲಕ್ಷೇಪಕ್ಕಾಗಿ ನಮ್ಮ ಕಡೆಯಲ್ಲಿ ಮೂರು ರಾಜಮಾರ್ಗಗಳು ಪೂರ್ವದಿಂದಲೂ ತೆರೆದಿವೆ: ದೇವಸ್ಥಾನದ ಆಡಳಿತ ಮಂಡಳಿಗೆ ಸೇರುವುದು, ತೋಟದ ಗಡಿಯ ಕುರಿತು ದಾಯಾದಿಗಳ ಮೇಲೆ ದಾವೆ ಹೂಡುವುದು, ಇಲ್ಲವೆ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುತ್ತ ದುರ್ಯೋಧನನಾದವನನ್ನು ನಡುರಾತ್ರಿಯವರೆಗೂ ಮಾತಾಡಗೊಡದಿರುವುದು. ಈ ಮೂರನ್ನೂ ತೃಣೀಕರಿಸಿ, ತಾವು ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಮೋಟಾರು ಕಾರೊಂದನ್ನು ಕೊಂಡು ತಂದು, ಶೇಷಾಯುಷ್ಯವನ್ನು ಅದರ ಅಡಿಯಲ್ಲಿ ಅಂಗಾತ ಮಲಗಿ ಕಳೆಯುವ ನಾಲ್ಕನೆಯ ವರ್ಗವೊಂದು ಇತ್ತೀಚೆಗೆ ಉದಯಿಸಿದೆ. ಕುಮಟೆಯಿಂದ ಶಿರಸಿಗೆ ಹೋಗುವ ಹಾದಿಯಲ್ಲಿ, ದೇವಿಮನೆ ಘಟ್ಟಕ್ಕೆ ಮುನ್ನ ಸಿಗುವ ಕತಗಾಲದಲ್ಲಿ ನೆಲೆಸಿರುವ ನಮ್ಮ ಹೆಗಡೆಯವರು ಈ ವರ್ಗದ ಶುದ್ಧ ಮಾದರಿ. ಘಟ್ಟದ ಮೇಲೂ ಕೆಳಗೂ ಹೆಗಡೆಯವರಿಗೆ ಕೊರತೆಯಿಲ್ಲವಾದ್ದರಿಂದ, ನಾನು ಯಾರನ್ನು ಕುರಿತು ಬರೆದೆನೆಂದು ಯಾರೂ ಜಗಳಕ್ಕೆ ಬರುವ ಸಂಭವವಿಲ್ಲ.

ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕವಿದ್ದವ ಗೋಕರ್ಣಕ್ಕೆ ಹೋಗುತ್ತಾನೆ ಎಂಬುದು ನಮ್ಮ ಜಿಲ್ಲೆಯ ಗಾದೆ. ಎರಡೂ ಇದ್ದವನು ಎಲ್ಲಿಗೆ ಹೋಗುತ್ತಾನೆಂಬುದನ್ನು ಹೇಳದೆ ಉಳಿಸಿದ ಹಿರಿಯರು ದೂರದರ್ಶಿಗಳೇ ಸರಿ. ಎರಡೂ ಇದ್ದವನು ಎಂ.ಜಿ. ಟಿ.ಸಿ. ಕೊಳ್ಳುತ್ತಾನೆ, ಆಮೇಲೆ ಎಲ್ಲಿಗೂ ಹೋಗುವುದಿಲ್ಲ. ಈ ಎಂ.ಜಿ.ಯನ್ನು ಈಗಿನ ಶೋರೂಮುಗಳಲ್ಲಿ ದೊರೆಯುವ ಅದೇ ಹೆಸರಿನ ಕಾರುಗಳ ಸಾಲಿಗೆ ಸೇರಿಸಿದವರಿಗೆ ಹೆಗಡೆಯವರ ಮನೆಯಲ್ಲಿ ಚಹಾ ಹುಟ್ಟುವುದಿಲ್ಲ. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ನಿಂದ ಕವಲೊಡೆದು ಅಬಿಂಗ್ಡನ್ನಿನಲ್ಲಿ ನೆಲೆನಿಂತ ಕಾರ್ಖಾನೆಯು ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರಲ್ಲಿ, ಈ ಎರಡು ಸೀಟಿನ ವಾಹನವನ್ನು ಕಟ್ಟತೊಡಗಿ, 1949ರ ತನಕ ಸುಮಾರು 10,000 ಕಾರುಗಳನ್ನು ಲೋಕಕ್ಕೆ ಕೊಟ್ಟಿತೆಂಬ ಚರಿತ್ರೆಯನ್ನು ಅವರು ವಂಶಾವಳಿಯ ಗಾಂಭೀರ್ಯದಿಂದ ನಿರೂಪಿಸುತ್ತಾರೆ. ಇಂಜಿನ್ನು 1,250 ಸಿ.ಸಿ. ಎಂಬಲ್ಲಿಗೆ ಬಂದಾಗ ಅವರ ಕಂಠ ಗದ್ಗದಿತವಾಗುವುದುಂಟು. ಆ ಸಂದರ್ಭದಲ್ಲೇ ಪೇಟೆಯ ಹುಡುಗನೊಬ್ಬ, “ನಮ್ಮನೆ ಸ್ವಿಫ್ಟೂ ಹೆಚ್ಚುಕಮ್ಮಿ ಅಷ್ಟೇಯ” ಎಂದು ರಸಭಂಗ ಮಾಡಿದ್ದೂ ಉಂಟು.

ವೇಗಕ್ಕೆಂದೇ ನಿರ್ಮಿತವಾದ ಆ ವಾಹನ ಕತಗಾಲಕ್ಕೆ ಬಂದದ್ದು ಲಾರಿಯ ಮೇಲೆ, ಮೈತುಂಬ ಹಗ್ಗ ಬಿಗಿಸಿಕೊಂಡು, ತಾಡಪಾಲು ಹೊದ್ದು. ಅಡಕೆ ಒಣಗಿಸುವ ಅಂಗಳದಲ್ಲಿ ಹೊದಿಕೆ ತೆಗೆದಾಗ ಕಂಡದ್ದಿಷ್ಟು: ಕೆಂಪು ಬಣ್ಣದ ನೀಳವಾದ ಬಾನೆಟ್ಟು, ಕಡ್ಡಿಗಳುಳ್ಳ ನಾಲ್ಕು ಎತ್ತರದ ಚಕ್ರಗಳು, ಬೇಕೆಂದಾಗ ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು, ಇಬ್ಬರು ಸ್ನೇಹದಿಂದಿದ್ದರೆ ಮಾತ್ರ ಕೂರಬಹುದಾದಷ್ಟು ಸ್ಥಳ, ಅದರ ಹಿಂದೆ ಪೆಟ್ರೋಲು ಟ್ಯಾಂಕು, ಟ್ಯಾಂಕಿನ ಬೆನ್ನಿಗೆ ಬಿಗಿದ ಒಂದು ಬಿಡಿ ಚಕ್ರ. ಮಾಡಿಲ್ಲ, ಕಿಟಕಿಯಿಲ್ಲ, ಬಾಗಿಲಾದರೋ ಮೊಣಕೈ ಹೊರಗಿಡಲು ಅನುಕೂಲವಾಗುವಂತೆ ಮೇಲ್ಭಾಗದಲ್ಲಿ ಕೊರೆದು ತೆಗೆದದ್ದು. ತೋಟದ ಕೆಲಸಕ್ಕೆ ಬಂದಿದ್ದ ಅಜ್ಜಿಯೊಬ್ಬಳು ಸುತ್ತ ಒಂದು ಪ್ರದಕ್ಷಿಣೆ ಬಂದು, “ಹೆಗಡೇರೇ, ಉಳ್ದದ್ದು ನಾಳೆ ಬತ್ತದ್ಯೇ?” ಎಂದು ಕೇಳಿದಳು.

ಹೆಗಡೆಯವರಿಗೆ ಕಾರು ನಡೆಸಲು ಬರುತ್ತಿರಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಅವರು ಬಹುಕಾಲ ಕಾರು ನಡೆಸಿದವರೇ. ಆದರೆ ಆ ವಿದ್ಯೆ ಇಲ್ಲಿ ನಿಷ್ಪ್ರಯೋಜಕವಾಯಿತು. ಈಗಿನ ಕಾರುಗಳ ಗೇರುಪೆಟ್ಟಿಗೆಯೊಳಗೆ ಹಲ್ಲುಚಕ್ರಗಳ ವೇಗವನ್ನು ತಾನಾಗಿ ಸರಿಹೊಂದಿಸುವ ಸಿಂಕ್ರೋಮೆಷ್ ಎಂಬ ಏರ್ಪಾಡು ಎಲ್ಲ ಗೇರುಗಳಿಗೂ ಇರುತ್ತದೆ, ಟಿ.ಸಿ.ಯ ಮೊದಲನೆಯ ಗೇರಿಗೆ ಅದಿಲ್ಲ. ಆದುದರಿಂದ ಚಲಿಸುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಯಬೇಕಾದವನು ಕ್ಲಚ್ಚು ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಬಿಟ್ಟು, ಎಕ್ಸಲರೇಟರನ್ನು ಹದವಾಗಿ ತುಳಿದು ಇಂಜಿನ್ನಿನ ವೇಗವನ್ನೇರಿಸಿ, ಮತ್ತೊಮ್ಮೆ ಕ್ಲಚ್ಚು ಒತ್ತಿ, ಆ ಕ್ಷಣ ಮೀರುವ ಮೊದಲೇ ಗೇರು ಹಾಕತಕ್ಕದ್ದು. ಈ ವಿಧಿಯನ್ನು ಹೆಗಡೆಯವರು ಪುಸ್ತಕದಲ್ಲಿ ಓದಿ, ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದು, ಊಟದ ಮಣೆಯ ಮೇಲೆ ಕುಳಿತಾಗಲೂ ಎಡಗಾಲಿನಿಂದ ಅಭ್ಯಾಸ ಮಾಡಿದರು. ಆದರೂ ಗೇರು ಹಾಕಿದಾಗಲೆಲ್ಲ ಹೊರಡುತ್ತಿದ್ದ ಕರ್ಕಶ ಧ್ವನಿಗೆ ಆಚೆ ಕೇರಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಕಡೆಗೆ ಅವರಿಗೆ ಗುರುವಾಗಿ ಒದಗಿದವರು ಪಕ್ಕದ ಮಜರೆಯ ನಾಯ್ಕರು. ಟಾಟಾ ಮರ್ಸಿಡಿಸ್ ಲಾರಿಗಳಲ್ಲಿ ಕ್ಲೀನರಾಗಿ ಆರಂಭಿಸಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ನಾಟಾ ತುಂಬಿದ ಲಾರಿಯನ್ನು ಹಗಲೂ ರಾತ್ರಿಯೂ ಇಳಿಸಿದ ಈ ವೃದ್ಧರಿಗೆ ಡಬಲ್ ಕ್ಲಚ್ಚೆಂಬುದು ಪುಸ್ತಕದ ವಿಷಯವಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ ಎಡಗಡೆಯ ಸೀಟಿನಲ್ಲಿ ಕುಳಿತು, ಕವಳ ಹಾಕಿಕೊಂಡು, ಅವರು ಉಪದೇಶಿಸಿದ್ದು ಒಂದೇ ಮಾತು: “ಹೆಗಡೇರೆ, ಗೇರು ಹಾಕೂದು ಕಿವಿಯಿಂದ, ಕೈಯಿಂದಲ್ಲ.” ಇಂಜಿನ್ನಿಗೆ ಹ್ಯಾಂಡಲು ಹೊಡೆಯುವಾಗ ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕೆಂದೂ, ಇಲ್ಲವಾದರೆ ಹ್ಯಾಂಡಲು ತಿರುಗಿ ಹೊಡೆದಾಗ ಹೆಬ್ಬೆರಳು ಮುರಿಯುವುದೆಂದೂ, ನೀರು ದಾಟಿದ ಬಳಿಕ ಬ್ರೇಕನ್ನು ಮೆಲ್ಲನೆ ಒತ್ತುತ್ತಲೇ ಒಂದಷ್ಟು ದೂರ ಸಾಗಿ ಅದನ್ನು ಒಣಗಿಸಿಕೊಳ್ಳಬೇಕೆಂದೂ ಕಲಿಸಿದವರು ಅವರೇ. ನೂರು ಜನ ಗುಮಾಸ್ತರನ್ನು ನಡುಗಿಸಿದ ಹೆಗಡೆಯವರು ಯಾರೊಬ್ಬರ ಮುಂದೆ ಕೈಕಟ್ಟಿ “ಹೌದು, ಹೌದು” ಎಂದದ್ದನ್ನು ಊರು ಅಂದೇ ಮೊದಲು ಕಂಡಿತು.

ನಡೆಸುವುದು ಈ ಬಗೆಯಾದರೆ ಸಾಕುವ ಬಗೆ ಇನ್ನೂ ಸೂಕ್ಷ್ಮವಾದದ್ದು. ಕುಮಟೆಯ ಗ್ಯಾರೇಜಿನವನು ಮೊದಲ ದಿನವೇ ತನ್ನ ಪಾನಾಗಳನ್ನೆಲ್ಲ ಹರಡಿಕೊಂಡು ಕುಳಿತ. 13ರ ಪಾನಾ ಬೋಲ್ಟಿನ ತಲೆಗೆ ಹತ್ತದು, 14ರದು ಜಾರುವುದು. ಕಾರಣವೇನೆಂದರೆ, ತಲೆಗಳು 1841ರಲ್ಲಿ ಜೋಸೆಫ್ ವಿಟ್‌ವರ್ತನು ಹಾಕಿಕೊಟ್ಟ ಇಂಗ್ಲಿಷ್ ಪದ್ಧತಿಯವು. ಥ್ರೆಡ್ಡುಗಳು ಮಾತ್ರ ಮೆಟ್ರಿಕ್, ಏಕೆಂದರೆ ಮಾರಿಸ್ ಕಂಪನಿಯು 1923ರಲ್ಲಿ ಕೊಂಡ ಕಾವೆಂಟ್ರಿಯ ಇಂಜಿನ್ ಕಾರ್ಖಾನೆ ಫ್ರಾನ್ಸಿನ ಹಾಚ್ಕಿಸ್ ಕಂಪನಿಯದಾಗಿದ್ದು, ಅಲ್ಲಿನ ಯಂತ್ರಗಳು ಮೆಟ್ರಿಕ್ಕನ್ನಲ್ಲದೆ ಬೇರೆಯದನ್ನು ಕೊರೆಯಲರಿಯವು. ಗ್ಯಾರೇಜಿನವನು ಈ ಪುರಾಣವನ್ನು ಸಾವಧಾನವಾಗಿ ಕೇಳಿ, “ಹಂಗಾರೆ ಫ್ರಾನ್ಸಿಗೇ ತಕಂಡು ಹೋಗುದು ಒಳ್ಳೇದು” ಎಂದು ಪಾನಾಗಳನ್ನು ಚೀಲಕ್ಕೆ ತುಂಬಿದ. ಅಂದಿನಿಂದ ಹೆಗಡೆಯವರ ಮನೆಯಲ್ಲಿ ಪೂಜಾಪೆಟ್ಟಿಗೆಯ ಮಗ್ಗುಲಿಗೆ ವಿಟ್‌ವರ್ತ್ ಪಾನಾಗಳ ಪೆಟ್ಟಿಗೆಯೊಂದು ಸ್ಥಾಪಿತವಾಗಿದೆ. ಎರಡನ್ನೂ ಮಡಿಯಿಲ್ಲದವರು ಮುಟ್ಟಕೂಡದು.

ಚಕ್ರದ ಕಡ್ಡಿಗಳನ್ನು ಬಿಗಿದು ಓಟ ತೆಗೆಯುವವನು ಪೇಟೆಯ ಸೈಕಲ್ ಶಾಪಿನ ಹುಡುಗ. ಅವನಿಗೆ ಇದು ದೊಡ್ಡ ಸೈಕಲ್ಲು, ಅಷ್ಟೇ. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳು ಈ ಕಾರಿನಲ್ಲಿ ಇಲ್ಲವಾದ್ದರಿಂದ, ಅಡಕೆ ದಬ್ಬೆಯನ್ನು ಸಪೂರವಾಗಿ ಸೀಳಿ, ಚಾಕುವಿನಿಂದ ಗೀರು ಹಾಕಿ ಮಾಡಿದ ಅಳತೆಗೋಲೊಂದನ್ನು ಹೆಗಡೆಯವರು ಟ್ಯಾಂಕಿನೊಳಗೆ ಇಳಿಸಿ, ಮೇಲೆತ್ತಿ, ಬೆಳಕಿಗೆ ಹಿಡಿದು, ಒದ್ದೆಯಾದ ಗೀರುಗಳನ್ನು ಎಣಿಸುತ್ತಾರೆ. ಇಂಜಿನ್ನಿನಿಂದ ತೊಟ್ಟಿಕ್ಕುವ ಎಣ್ಣೆಗೆ ಅಡಿಯಲ್ಲಿ ಅಡಕೆ ಹಾಳೆಯ ಕೊಟ್ಟೆಯನ್ನಿಟ್ಟಿದ್ದಾರೆ. ಬೆಳಗಾಗೆದ್ದು ದಂತಧಾವನಕ್ಕೂ ಮುನ್ನ ಕೊಟ್ಟೆಯಲ್ಲಿ ನಿಂತ ಎಣ್ಣೆಯನ್ನು ಪರೀಕ್ಷಿಸಿ, ನಿನ್ನೆಗಿಂತ ಕಡಿಮೆಯಾದರೆ ಸಂತೋಷವನ್ನೂ, ಏನೂ ಇಲ್ಲದಿದ್ದರೆ ಇಂಜಿನ್ನಿನಲ್ಲೇ ಎಣ್ಣೆ ಮುಗಿಯಿತೋ ಎಂಬ ಭಯವನ್ನೂ ಹೊಂದುತ್ತಾರೆ. ಈಗಿನ ಪೆಟ್ರೋಲಿಗೆ ಬೆರೆಸುವ ಶೇಕಡಾ 20ರ ಎಥೆನಾಲು ಹಳೆಯ ರಬ್ಬರನ್ನು ತಿನ್ನುವುದರಿಂದ ಕೊಳವೆಗಳನ್ನೆಲ್ಲ ಬದಲಿಸಿಯಾಗಿದೆ. ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಸೇರಿದೆ, ಇಂದಿನ ರೂಢಿಗೆ ತದ್ವಿರುದ್ಧವಾಗಿ. ಉಪಕಾರ ಮಾಡಲು ಧಾವಿಸುವ ವಯರ್‌ಮನ್ನರನ್ನು ತಡೆಯಲೋಸುಗ “ಪ್ಲಸ್ಸೇ ಅರ್ತಿಂಗ್, ದಯವಿಟ್ಟು ಮುಟ್ಟಬೇಡಿ” ಎಂಬ ರಟ್ಟಿನ ಫಲಕವನ್ನು ಬಾನೆಟ್ಟಿನೊಳಗೆ ತೂಗಹಾಕಿದ್ದಾರೆ.

ಮಳೆಗಾಲವೆಂದರೆ ಹೆಗಡೆಯವರಿಗೆ ಸೂತಕ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ನಾಡಿನಲ್ಲಿ, ಚಂಡಿಕಾ ಹೊಳೆ ಉಕ್ಕಿ ರಸ್ತೆಯ ಮೇಲೆಯೇ ಹರಿಯುವ ಊರಿನಲ್ಲಿ, ಮಾಡಿಲ್ಲದ ಕಾರನ್ನಿಟ್ಟುಕೊಂಡವನ ಮನಸ್ಥಿತಿ ವರ್ಣನಾತೀತ. ತೊಗಲಿನ ಸೀಟಿಗೆ ಬೂಷ್ಟು ಹಿಡಿಯುತ್ತದೆ; ಅದಕ್ಕಿಂತ ಘೋರವಾದದ್ದೆಂದರೆ, ಈ ಕಾರಿನ ತಗಡಿನೊಳಗಿನ ಚೌಕಟ್ಟು ಆಶ್ ಎಂಬ ಸೀಮೆಯ ಮರದ್ದಾಗಿದ್ದು, ಒರಲೆಗಳಿಗೆ ಅದರ ರುಚಿ ಒಮ್ಮೆ ತಿಳಿಯಿತೆಂದರೆ ಮುಗಿಯಿತು. ಬಾಗಿಲ ಕಂಬವನ್ನು ನೋಡಲು ಬಂದ ಆಚಾರಿ ಬೆರಳಿನ ಗೆಣ್ಣಿನಿಂದ ಬಡಿದು ಪರೀಕ್ಷಿಸಿ, “ಇದ್ಕೆ ಹಲಸು ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಬರ್ತಿತ್ತು” ಎಂದಾಗ, ಮೂಲರೂಪದ ಪಾವಿತ್ರ್ಯವನ್ನು ಕುರಿತು ಹೆಗಡೆಯವರು ನೀಡಿದ ವ್ಯಾಖ್ಯಾನ ಸಂಜೆಯವರೆಗೆ ನಡೆಯಿತು.

ಮೂಲರೂಪಕ್ಕೆ ಈಗ ಶಾಸನದ ಬೆಂಬಲವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿಯಲ್ಲಾಗಲಿ ಇಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡಾಗದ ಖಾಸಗಿ ವಾಹನ ವಿಂಟೇಜ್ ಎನಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳು. ಆದರೆ ಅಂಥ ವಾಹನವನ್ನು ನಿತ್ಯದ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ಮತ್ತು ದುರಸ್ತಿ ಎಂಬ ಕಾರಣಗಳಿಗೆ ಮಾತ್ರ ಅನುಮತಿ. ಹಾಗಾದರೆ ಶಿರಸಿಯ ಮದುವೆಗೆ ಇದರಲ್ಲಿ ಹೋಗುವುದು ಹೇಗೆಂದು ಒಬ್ಬರು ಆಕ್ಷೇಪಿಸಿದಾಗ ಹೆಗಡೆಯವರು ಕೊಟ್ಟ ಉತ್ತರಕ್ಕೆ ಯಾವ ವಕೀಲನೂ ತಲೆದೂಗಬೇಕು: “ಇದು ದುರಸ್ತಿಯಲ್ಲಿ ಇಲ್ಲದ ಹೊತ್ತು ಯಾವುದು, ಹೇಳಿ?”

ಆ ಮದುವೆಯ ಪ್ರಯಾಣ ಈಗ ಊರಿನ ಐತಿಹ್ಯಕ್ಕೆ ಸೇರಿದೆ. ಹೆಗಡೆಯವರು ಬೆಳಕು ಹರಿಯುವ ಮೊದಲೇ ಹೊರಟರು. “ಆನು ಬಸ್ಸಿಗೇ ಬತ್ತಿ, ಘಟ್ಟದ ಮೇಲೆ ಸಿಗನ” ಎಂದು ಅವರ ಮನೆಯವರು ನಿಶ್ಚಿಂತೆಯಿಂದ ತಲೆ ಬಾಚಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಕುಮಟೆಯ ಬಂದರಿಗೆ ಇಳಿಯುತ್ತಿದ್ದ ಆ ಘಟ್ಟದಲ್ಲಿ, ನಮ್ಮ ಬಸ್ಸು ಒಂದು ತಿರುವು ದಾಟಿದಾಗ, ರಸ್ತೆಯ ಬದಿಯಲ್ಲಿ ಬಾನೆಟ್ಟಿನ ಎರಡೂ ರೆಕ್ಕೆ ಬಿಚ್ಚಿ ನಿಂತ ಕೆಂಪು ಕಾರೂ, ರೇಶ್ಮೆ ಮಡಿಯ ಮೇಲೆ ಮಸಿಯ ಗೆರೆ ಹೊತ್ತ ಹೆಗಡೆಯವರೂ ಕಂಡರು. ಬಿಸಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ ಪಂಪು ಸುಮ್ಮನೆ ಟಿಕಟಿಕ ಎನ್ನುತ್ತಿತ್ತು. ಡ್ರೈವರು ಬಸ್ಸು ನಿಲ್ಲಿಸಿದ, ಪ್ರಯಾಣಿಕರೆಲ್ಲ ಇಳಿದರು, ಸಲಹೆಗಳು ಧಾರಾಳವಾಗಿ ಹರಿದವು. ರೇಡಿಯೇಟರಿಗೆ ನೀರು ಬೇಕೆಂದು ತಾನೇ ತೀರ್ಮಾನಿಸಿದ ಕಂಡಕ್ಟರು, ಹೆಗಡೆಯವರ ಮನೆಯವರು ದಾರಿಗೆಂದು ತಂದಿದ್ದ ಅಪ್ಪೆಹುಳಿಯ ಬಾಟಲಿಯ ಮುಚ್ಚಳವನ್ನು ತೆಗೆದೇಬಿಟ್ಟಿದ್ದ. ಅಷ್ಟರಲ್ಲಿ ಅದೇ ಬಸ್ಸಿನಲ್ಲಿದ್ದ ನಾಯ್ಕರು ತಮ್ಮ ಹೆಗಲ ವಸ್ತ್ರವನ್ನು ಒರತೆಯ ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಎಲ್ಲರಿಗೂ ಒಂದೊಂದು ಕವಳ ಮುಗಿಸುವಷ್ಟು ವಿರಾಮ ಕೊಟ್ಟು, ಹ್ಯಾಂಡಲು ಹೊಡೆಸಿದರು. ಇಂಜಿನ್ನು ಗರ್ಜಿಸಿತು, ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು, ಅಪ್ಪೆಹುಳಿ ಯೋಗ್ಯ ಪಾತ್ರರಿಗೇ ಸಂದಿತು.

ಇಷ್ಟು ಕಷ್ಟಪಟ್ಟು ಇದರಿಂದ ಬಂದ ಸುಖವೇನೆಂದು ಚಹಾದಂಗಡಿಯಲ್ಲಿ ಯಾರೋ ಕೇಳಿದಾಗ ಹೆಗಡೆಯವರು, “ಗೋಕರ್ಣದ ಮಹಾರಥ ಲೀಟರಿಗೆ ಎಷ್ಟು ಮೈಲೇಜು ಕೊಡುತ್ತದೆಂದು ನೀವು ಶಿವರಾತ್ರಿಯ ಜಾತ್ರೆಯಲ್ಲಿ ಕೇಳುತ್ತೀರೋ?” ಎಂದು ಮರುಪ್ರಶ್ನೆ ಹಾಕಿದರು. ಅಂಗಡಿ ನಿರುತ್ತರವಾಯಿತು. ಮೂಲೆಯಲ್ಲಿದ್ದ ನಾಯ್ಕರು ಮಾತ್ರ, “ಆ ತೇರನ್ನಾದ್ರೆ ವರ್ಷಕ್ಕೊಂದೇ ಸಲ ಎಳೀಬೇಕು ಹೆಗಡೇರೆ” ಎಂದರು.

ನಾಯ್ಕರ ಮಾತು ನಗೆಯದಾದರೂ ಪರಮಾರ್ಥ ಅದರಲ್ಲೇ ಇದೆ. ಹುಟ್ಟೂರಿಗೆ ಮರಳಿದ ಮೊದಲ ವರ್ಷ ಹೆಗಡೆಯವರಿಗೆ ಪೇಟೆಯಲ್ಲಿ ನಮಸ್ಕಾರ ಹೇಳುವವರಿದ್ದರೇ ಹೊರತು ಮಾತಾಡಿಸುವವರಿರಲಿಲ್ಲ. ಕೆಡದ ಕಾರಿಗೆ ಕೀಲಿ ತಿರುಗಿಸಿದವನಿಗೆ ನೆರೆಹೊರೆಯ ಹಂಗಿಲ್ಲ. ಕೆಡುವ ಕಾರಿನವನಿಗೆ ಲಾರಿಯ ನಾಯ್ಕರು ಬೇಕು, ಸೈಕಲ್ ಶಾಪಿನ ಹುಡುಗ ಬೇಕು, ಆಚಾರಿ ಬೇಕು, ತಳ್ಳುವುದಕ್ಕೆ ಶಾಲೆ ಬಿಟ್ಟ ಮಕ್ಕಳೂ ಬೇಕು. ಮೂವತ್ತೈದು ವರ್ಷದ ಹುದ್ದೆ ಕಲಿಸದ ವಿನಯವನ್ನು ಹೆಗಡೆಯವರಿಗೆ ಕಲಿಸಿದ್ದು ಆ ಮೊದಲನೆಯ ಗೇರು.

ಕೊನೆಗೆ ಓದುಗರಲ್ಲಿ ಒಂದು ವಿಜ್ಞಾಪನೆ. ಯಾಣಕ್ಕೋ ಶಿರಸಿಗೋ ಹೋಗುವಾಗ ಕತಗಾಲದ ಆಚೀಚೆ ಆ ಕೆಂಪು ಕಾರು ನಿಂತದ್ದು ಕಂಡರೆ, ಎಂತ ಹಾಳಾಯಿತೆಂದು ಮಾತ್ರ ಕೇಳಬೇಡಿ. ಯಾವ ಇಸವಿಯದೆಂದು ಕೇಳಿ, ಕೈಯಲ್ಲಿ ಒಂದು ಗಂಟೆಯ ಬಿಡುವಿದ್ದರೆ. ತಳ್ಳುವ ಪ್ರಸಂಗ ಬಂದರೆ ಬಿಡಿ ಚಕ್ರವನ್ನು ಹಿಡಿದೇ ತಳ್ಳತಕ್ಕದ್ದು. ಟ್ಯಾಂಕಿಗೆ ಕೈಯೂರಿದರೆ ಬಣ್ಣ ಮಾಸುತ್ತದೆ, ಹೆಗಡೆಯವರು ಅದನ್ನು ಸಹಿಸುವುದಿಲ್ಲ.