ಎಕರೆಗೆ ಎಷ್ಟು ಚೀಲ?

ಬಳ್ಳಾರಿ ಎಪಿಎಂಸಿ ಹತ್ತಿರದ ಚಹಾ ಅಂಗಡಿಯಲ್ಲಿ ಆಷಾಢದಿಂದ ದೀಪಾವಳಿವರೆಗೆ ಒಬ್ಬ ಅಣ್ಣ ಸಿಗುತ್ತಾನೆ. ಕುರುಗೋಡು ಕಡೆಯವನು. ಬಿಳಿ ಅಂಗಿ, ಜೇಬಲ್ಲಿ ನಾಲ್ಕು ಶೇಂಗಾಕಾಯಿ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, ಇಡೀ ಜಿಲ್ಲೆಯ ಇಳುವರಿ ಹೇಳುತ್ತಾನೆ.

ಸಿರುಗುಪ್ಪದಲ್ಲಿ ಇವನ ಆಟ ನಡೆಯುವುದಿಲ್ಲ. ಅಲ್ಲಿ ಕಾಲುವೆ ನೀರಿನ ಭತ್ತ. ತೆನೆ ಎಲ್ಲರ ಕಣ್ಣೆದುರಿಗೇ ತೂಗುತ್ತದೆ. ಮೆಣಸಿನಕಾಯಿಗೂ ಮುಚ್ಚುಮರೆ ಇಲ್ಲ. ಶೇಂಗಾ ಮಾತ್ರ ಹೂವನ್ನು ಮೇಲೆ ಬಿಟ್ಟು ಕಾಯಿಯನ್ನು ಮಣ್ಣೊಳಗೆ ಕಟ್ಟುವ ಕಳ್ಳ ಗಿಡ. ಟಿಎಂವಿ-2 ಬಿತ್ತಿದರೆ ಕೀಳುವವರೆಗೆ ಸುಮಾರು 105 ದಿನ. ಅಷ್ಟು ದಿನವೂ ಅಣ್ಣನದೇ ರಾಜ್ಯ.

ಮೈಲಾರದ ಗೊರವಯ್ಯ ಬಿಲ್ಲೇರಿ ವರ್ಷಕ್ಕೊಂದು ಕಾರಣಿಕ ನುಡಿಯುತ್ತಾನೆ, ಅರ್ಥ ಬಿಡಿಸುವವರು ಬೇರೆ. ನಮ್ಮ ಅಣ್ಣನದು ದಿನಕ್ಕೆ ಮೂರು ಕಾರಣಿಕ, ಅರ್ಥವೂ ಅವನದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಬೆಳಿಗ್ಗೆಯೇ ಘೋಷಿಸಿದ: “ಬ್ಯಾಸಿಗಿ ಶೇಂಗಾ ಮರತುಬಿಡ್ರಿ.” ಸ್ಟಾಪ್‌ಲಾಗ್ ಕೂರಿಸಿದರು, ಮಳೆಯೂ ಬಂತು, ಡ್ಯಾಮು ಮತ್ತೆ ತುಂಬಿತು. ಹುಡುಗರು ಹಿಡಿದುಕೊಂಡರು. ಅಣ್ಣ ಚಹಾ ಹೀರಿ ಹೇಳಿದ: “ಮರತುಬಿಡ್ರಿ ಅಂದೆ. ಬಿತ್ತಬ್ಯಾಡ್ರಿ ಅಂದೆನಾ?”

ಮಳೆ ನಕ್ಷತ್ರಗಳೆಲ್ಲ ಇವನಿಗೆ ನೆಂಟರು. ಆರಿದ್ರಾ ಕೈಕೊಟ್ಟರೆ “ಪುಷ್ಯ ನೋಡ್ಕಂತಾನ”, ಪುಷ್ಯನೂ ಕೈಕೊಟ್ಟರೆ “ಹುಬ್ಬಿ ಬಿಡ್ತಾಳಾ?”

ಅವನ ಲೆಕ್ಕದ ಒಳಗುಟ್ಟು ತಿಳಿಯಲು ನನಗೆ ಎರಡು ಸುಗ್ಗಿ ಬೇಕಾಯಿತು. ಎಣ್ಣೆ ಗಿರಣಿಯವರು ಕೇಳಿದರೆ, “ಎಕರೆಗೆ ಮೂರು ಚೀಲ ಬಂದ್ರ ಪುಣ್ಯ ಸಾಹುಕಾರ್ರೇ, ಈಗ್ಲೇ ತಗೊಂಡು ಇಟ್ಕಳ್ರಿ.” ಮಗನಿಗೆ ಹೆಣ್ಣು ಕೊಡಲು ಬಂದವರು ಕೇಳಿದರೆ, “ಹದಿನೈದಕ್ಕ ಮೋಸ ಇಲ್ಲ ಮಾವಾ.” ಸೊಸೈಟಿ ಸಾಲದವರು ಕೇಳಿದರೆ, “ಹೊಟ್ಟು ಸೈತ ದನ ಮೂಸವಲ್ವು ಸಾರ್.” ಬೆಳೆ ವಿಮೆಯ ಕಟಾವು ಪ್ರಯೋಗಕ್ಕೆ ಬಂದವರು ಹೊಲದಲ್ಲಿ ಹಗ್ಗ ಹಿಡಿದು ಚೌಕ ಅಳೆಯುವಾಗಲಂತೂ ಸಾವಾದ ಮನೆಯವನ ಹಾಗೆ ತಲೆ ಮೇಲೆ ಟವೆಲ್ ಹಾಕಿಕೊಂಡು ಬದುವಿನ ಮೇಲೆ ಕೂತಿರುತ್ತಾನೆ. ನಾಲ್ಕೂ ಅದೇ ಹೊಲದ ಲೆಕ್ಕ!

ಹೋದ ಸಲ ದೀಪಾವಳಿ ಮುಂದೆ ಅವನೇ ಹೊಲಕ್ಕೆ ಕರೆದೊಯ್ದ. ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ, ಚೀಲದ ಬಾಯಿ ಹೊಲಿದು ಸಾಲಾಗಿ ಇಟ್ಟಿದ್ದರು. ಇನ್ನೇನು ಅಂದಾಜು, ಎಣಿಸಿದರೆ ಮುಗಿಯಿತು.

“ಎಷ್ಟಾತಣ್ಣಾ?” ಅಂದೆ.

ಚೀಲಗಳ ಕಡೆ ನೋಡಿದ. ನನ್ನ ಕಡೆ ನೋಡಿದ.

“ಯಾರ್ ಕೇಳಿದ್ರು ಅಂತ ಹೇಳು ಮೊದ್ಲು.”