ಬಡಾವಣೆಗೊಂದು ಆನೆ

ಮಾನ್ಯ ಗಜಪ್ರೇಮಿ ಮಹಾಶಯರಿಗೆ,

ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಸಣ್ಣ ಬೆಳೆಗಾರನೊಬ್ಬನ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅಂದರೆ ಈ ಪತ್ರ ಬರೆಯುತ್ತಿರುವ ಹೊತ್ತಿಗೆ ಕ್ಷೇಮ. ಸಂಜೆಯ ಮಾತು ಹೇಳಲಾರೆ, ಯಾಕೆಂದರೆ ಮರಿಗಳೂ ಇರುವ ಹಿಂಡೊಂದು ಪಕ್ಕದ ತೋಟದಲ್ಲಿ ನಿಂತಿದೆ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಈಗಷ್ಟೇ ಬಂದಿದೆ.

ವಾರಾಂತ್ಯಕ್ಕೆ ನಮ್ಮ ಕಡೆಯ ಹೋಂಸ್ಟೇಗೆ ಬಂದು, ಅಕ್ಕಿರೊಟ್ಟಿ ತಿಂದು, ಬೆಂಗಳೂರು ಸೇರಿದ ಮೇಲೆ ನೀವು ಬರೆದುಕೊಂಡ ಮಾತು ಸುತ್ತಿ ಸುತ್ತಿ ನನ್ನ ಫೋನಿಗೂ ಬಂತು. ಆನೆಗಳು ಊರಿಗೆ ಬಂದಿಲ್ಲವಂತೆ, ಮನುಷ್ಯರೇ ಆನೆಯ ಮನೆಗೆ ನುಗ್ಗಿದ್ದಾರಂತೆ. ಒಳ್ಳೆಯ ಮಾತು. ಅಲ್ಲಗಳೆಯುವ ಧೈರ್ಯವೂ ನನಗಿಲ್ಲ. ಇಲ್ಲಿ ಕಾಡು ಕಡಿದು ಕಾಫಿ ಹಾಕಿದ್ದು ನಮ್ಮ ಹಿರಿಯರೇ. ಆದರೆ ನುಗ್ಗಿದವರ ಪಟ್ಟಿ ಅಲ್ಲಿಗೇ ಮುಗಿಯಬಾರದಲ್ಲ? ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಮುಳುಗಿದವರು ಕಾಡಂಚಿಗೆ ಬಂದು ಗದ್ದೆ ಮಾಡಿದರು. ಆ ಹೇಮಾವತಿ ಮುಂದೆ ಹೋಗಿ ಸೇರುವುದು ನಿಮ್ಮ ಕಾವೇರಿಯನ್ನೇ. ಎತ್ತಿನಹೊಳೆ ಯೋಜನೆಯ ಪೈಪು ಹೂತದ್ದು ಇದೇ ಸಕಲೇಶಪುರದ ಗುಡ್ಡಗಳಲ್ಲಿ, ನೀರು ಹೋಗಬೇಕಾದದ್ದು ಕೋಲಾರ, ಚಿಕ್ಕಬಳ್ಳಾಪುರಗಳಿಗೆ. ಮಂಗಳೂರಿಗೆ ಬೇಗ ಮುಟ್ಟಬೇಕೆಂದು ಶಿರಾಡಿಯ ಹಾದಿ ಅಗಲವಾಗುತ್ತಿದೆ. ನೀವು ಮಲಗೆದ್ದ ಕಾಟೇಜಿನ ಜಾಗದಲ್ಲೂ ಜೆಸಿಬಿ ಬರುವ ಮೊದಲು ಬಗನಿ ಮರಗಳಿದ್ದವು. ಆದ್ದರಿಂದ ಆ ಪಟ್ಟಿಗೆ ನಲ್ಲಿ ತಿರುಗಿಸುವ ಕೈಗಳನ್ನೂ ಸೇರಿಸಿಕೊಳ್ಳಿ ಎಂದು ವಿನಂತಿ.

ಇರಲಿ, ನಾನು ಜಗಳಕ್ಕೆ ಬಂದವನಲ್ಲ. ಒಂದು ಯೋಜನೆ ಹಿಡಿದುಕೊಂಡು ಬಂದಿದ್ದೇನೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶಕ್ಕೇ ಮೊದಲ ಸ್ಥಾನ. ಸುದ್ದಿ ಬಂದ ದಿನ ಇಡೀ ನಾಡು ಹೆಮ್ಮೆಪಟ್ಟಿತು, ನಾವೂ ಪಟ್ಟೆವು. ಹೆಮ್ಮೆ ಏನೋ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು, ಆನೆ ಮಾತ್ರ ಆಗಲಿಲ್ಲ. ಈ ಅಸಮಾನತೆ ಸಂವಿಧಾನದ ಆಶಯಕ್ಕೆ ತಕ್ಕುದಲ್ಲ. ಅದಕ್ಕೇ ‘ಬಡಾವಣೆಗೊಂದು ಆನೆ’. ಹದಿನೈದು ದಿನಕ್ಕೊಂದು ಪಾಳಿ. ಒಂಟಿಸಲಗ ಬೇಕೆಂದರೆ ಭೀಮನಿದ್ದಾನೆ, ತುಂಬು ಕುಟುಂಬವೇ ಇಷ್ಟವೆಂದರೆ ಬೀಟಮ್ಮನ ಗ್ಯಾಂಗ್ ಇದೆ. ಸಾಗಣೆ ವೆಚ್ಚ ನಮ್ಮದು.

ನಿಯಮಗಳು ಹೊಸವೇನಲ್ಲ, ನಮಗೆ ಈಗಾಗಲೇ ಅನ್ವಯವಾಗುತ್ತಿರುವವೇ. ಬೆಳಗ್ಗೆ ಆರಕ್ಕೆ ನಿಮ್ಮ ಫೋನು ಗುಂಯ್‌ಗುಟ್ಟುತ್ತದೆ: ‘ಮೂರನೇ ಮುಖ್ಯರಸ್ತೆಯ ಪಾರ್ಕಿನಲ್ಲಿ ಕಾಡಾನೆ ಬೀಡುಬಿಟ್ಟಿದೆ, ಸಾರ್ವಜನಿಕರು ಅನಗತ್ಯವಾಗಿ ಓಡಾಡಬಾರದು.’ ಆಫೀಸಿಗೆ ಹೋಗುವುದು ಅಗತ್ಯವೋ ಅನಗತ್ಯವೋ ನೀವೇ ತೀರ್ಮಾನಿಸಬೇಕು. ಹೋಗದಿದ್ದರೆ ಅಂದಿನ ಸಂಬಳವಿಲ್ಲ. ಹೋಗುವುದಾದರೆ ಪಾರ್ಕಿನ ದಾರಿಯೊಂದೇ. ಮಕ್ಕಳ ಸ್ಕೂಲ್ ಬಸ್ಸು ಆನೆ ದಾಟುವವರೆಗೆ ಬರುವುದಿಲ್ಲ. ಪರೀಕ್ಷೆ ಇದ್ದರೂ ಅಷ್ಟೆ.

ಆನೆ ನಿಮ್ಮ ಕಾರನ್ನು ಮಗುಚಿತು ಎನ್ನಿ. ಗಾಬರಿ ಬೇಡ, ಪರಿಹಾರವಿದೆ. ಅರ್ಜಿಯ ಜೊತೆಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾನಿಯ ಫೋಟೊ, ಮತ್ತು ಕಾರು ನಿಂತಿದ್ದ ಜಾಗದ ಪಹಣಿ. ಪಹಣಿ ನಿಮ್ಮ ಹೆಸರಿನಲ್ಲೇ ಇರಬೇಕು. ಇನ್ನೂ ತಾತನ ಹೆಸರಿನಲ್ಲಿದ್ದರೆ ಮೊದಲು ತಾತನ ಮರಣ ಪತ್ರ, ವಂಶವೃಕ್ಷ, ದೊಡ್ಡಪ್ಪ ಚಿಕ್ಕಪ್ಪಂದಿರ ಒಪ್ಪಿಗೆ ತರಬೇಕು, ಅವರಲ್ಲೊಬ್ಬರು ನಿಮ್ಮ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಸರಿಯೇ. ಕಾರು ಸಾಲದ್ದಾಗಿದ್ದರೆ ಅದು ಬಗರ್‌ಹುಕುಂ ಜಮೀನಿಗೆ ಸಮಾನ. ಉತ್ತುಬಿತ್ತಿದ್ದು ನೀವೇ ಇರಬಹುದು, ಕಾಗದದಲ್ಲಿ ನೀವು ಇಲ್ಲ. ಬಳಿಕ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಮಹಜರು ಮಾಡುತ್ತಾರೆ. ಪಾಪ, ಅವರನ್ನು ಬೈಯಬೇಡಿ. ಇರುವ ನಾಲ್ಕು ಜನ ರಾತ್ರಿಯಿಡೀ ಆನೆಯ ಹಿಂದೆ ಓಡಿ, ಬೆಳಗ್ಗೆ ನಿಮ್ಮ ಬೈಗುಳ ಕೇಳಲು ಬಂದಿರುತ್ತಾರೆ.

ಗೇಟಿದೆ, ಸೆಕ್ಯುರಿಟಿ ಇದ್ದಾನೆ, ಆ್ಯಪಿನಲ್ಲಿ ಒಪ್ಪಿಗೆ ಕೊಡದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನುತ್ತೀರಾ? ನಮ್ಮಲ್ಲೂ ಸೋಲಾರ್ ಬೇಲಿ ಹಾಕಿದ್ದೆವು. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಎಂಬುದು ನಮಗಿಂತ ಮೊದಲು ಆನೆಗೆ ಗೊತ್ತಾಯಿತು. ದಂತವಿಲ್ಲದ್ದು ಮರ ಕೆಡವಿ ಬೇಲಿಯ ಮೇಲೆ ಹಾಕಿ, ಅದರ ಮೇಲೆ ದಾಟಿತು. ಕಂದಕ ತೋಡಿದರೆ ಮಳೆಗಾಲಕ್ಕೆ ದಂಡೆ ಕುಸಿದು ದಾರಿಯಾಯಿತು. ಹಳೆಯ ರೈಲು ಹಳಿಯ ತಡೆಗೋಡೆ ಗಟ್ಟಿ, ಖರ್ಚೂ ಅಷ್ಟೇ ಗಟ್ಟಿ. 2018ರ ಡಿಸೆಂಬರಿನಲ್ಲಿ ನಾಗರಹೊಳೆ ಅಂಚಿನಲ್ಲಿ ಅದನ್ನು ಹತ್ತಿ ದಾಟಲು ಹೋದ ಆನೆಯೊಂದು ಸಿಕ್ಕಿಕೊಂಡು ಸತ್ತಿತು. ಆ ಫೋಟೊ ನೋಡಿ ನೀವು ಅತ್ತಿರಿ. ನಮಗೂ ಆ ದಿನ ಊಟ ಸೇರಲಿಲ್ಲ. ಇದನ್ನು ಬರೆದುಕೊಳ್ಳುವ ಅಭ್ಯಾಸ ನಮಗಿಲ್ಲ, ಅಷ್ಟೆ.

ಹಾಗಾದರೆ ಹಿಡಿದು ಬೇರೆ ಕಡೆ ಬಿಡಿ ಎಂದು ನಮ್ಮವರೇ ಸಭೆಗಳಲ್ಲಿ ಕೂಗುತ್ತಾರೆ. ಅದೂ ಆಗಿದೆ. ಹೈಕೋರ್ಟ್ ಸೂಚನೆಯ ಮೇರೆಗೆ ರಚನೆಯಾದ, ಆನೆತಜ್ಞ ರಾಮನ್ ಸುಕುಮಾರ್ ನೇತೃತ್ವದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು ನಮ್ಮ ಸೀಮೆಯನ್ನು ಆನೆ ತೆರವು ವಲಯಕ್ಕೆ ಸೇರಿಸಿತು. 2014ರಲ್ಲಿ ಆಲೂರು, ಸಕಲೇಶಪುರದಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು. ಪಟಾಕಿ ಹೊಡೆದೆವು. ಕೆಲವೇ ವರ್ಷಗಳಲ್ಲಿ ಖಾಲಿ ಜಾಗಕ್ಕೆ ಬೇರೆಯವು ಬಂದವು. ನೆರಳು, ನೀರು, ಹಲಸು, ಪಕ್ಕದಲ್ಲೇ ಭತ್ತ. ನಾನು ಆನೆಯಾಗಿದ್ದರೆ ನಾನೂ ಬರುತ್ತಿದ್ದೆ. ಅಂದಹಾಗೆ ಸಭೆಯಲ್ಲಿ ಮೈಕು ಹಿಡಿದು ಕೂಗುವ ದೊಡ್ಡ ಬೆಳೆಗಾರರಲ್ಲಿ ಬಹುಪಾಲು ಮಂದಿ ರಾತ್ರಿ ಮಲಗುವುದು ಹಾಸನದಲ್ಲೋ ನಿಮ್ಮ ಬೆಂಗಳೂರಿನಲ್ಲೋ. ಅವರ ಸಹಬಾಳ್ವೆಯೂ ನಿಮ್ಮದರಂತೆ ವಾರಾಂತ್ಯದ್ದೇ.

ಹಾಗಾದರೆ ದಿನಾ ಆನೆಯ ಜೊತೆ ಬಾಳುವವರು ಯಾರು ಎಂದರೆ ಕುಯ್ಲಿನ ಕಾಲದಲ್ಲಿ ಬೆಳಗ್ಗೆ ಏಳೂವರೆಗೆ ನಮ್ಮ ಕಡೆಯ ತೋಟಗಳ ಆಳುಗಳ ಲೈನ್ ಮನೆಗಳ ಹತ್ತಿರ ಬಂದು ನೋಡಿ. ಹೆಂಗಸರು ತಲೆಗೆ ಟವೆಲು ಸುತ್ತಿ, ಸೊಂಟಕ್ಕೆ ಗೋಣಿಚೀಲ ಕಟ್ಟಿ ನಿಂತಿರುತ್ತಾರೆ. ರೈಟರು ಫೋನು ನೋಡುತ್ತಾ, ‘ಕೆಳಗಿನ ತೋಟ ಬೇಡ, ಮೇಲಕ್ಕೆ ನಡೀರಿ’ ಎನ್ನುತ್ತಾನೆ. ಕಾಫಿ ಸಾಲಿನೊಳಗೆ ಹತ್ತು ಅಡಿ ಆಚೆ ಏನಿದೆ ಎಂದು ಕಾಣುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ ಒಂದು ಎಲೆಯೂ ಅಲ್ಲಾಡದಂತೆ ನಿಲ್ಲಬಲ್ಲದು. ಅದಕ್ಕೇ ಅವರು ಹಣ್ಣು ಬಿಡಿಸುತ್ತಾ ಜೋರಾಗಿ ಮಾತಾಡುತ್ತಾರೆ, ಸುಮ್ಮಸುಮ್ಮನೆ ಕೆಮ್ಮುತ್ತಾರೆ, ನಡುನಡುವೆ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿ ಕಿವಿಗೊಡುತ್ತಾರೆ. ಹಸಿ ಲದ್ದಿ ಕಂಡರೆ ಮೇಸ್ತ್ರಿ ಕಾಲಿನಿಂದ ಒತ್ತಿ ಬಿಸಿ ಇದೆಯೇ ನೋಡುತ್ತಾನೆ. ಬಿಸಿ ಇದ್ದರೆ ಕೆಲಸ ಬಂದ್, ಕೂಲಿಯೂ ಬಂದ್.

ಈ ಹೆಂಗಸರಲ್ಲಿ ಈಗ ಎಷ್ಟೋ ಜನ ಅಸ್ಸಾಮಿನಿಂದ ಬಂದವರು. ನಮ್ಮ ವಾಟ್ಸ್ಯಾಪ್ ಗುಂಪಿನ ಎಚ್ಚರಿಕೆ ಬರುವುದು ಕನ್ನಡದಲ್ಲಿ. ಅವರಿಗೆ ಆನೆ ಗೊತ್ತು, ಕನ್ನಡ ಗೊತ್ತಿಲ್ಲ. ಅವರಿಗೆ ಪಹಣಿ ಇಲ್ಲ, ಬೆಳೆ ಇಲ್ಲ, ಆದ್ದರಿಂದ ಬೆಳೆಹಾನಿಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವರು ಕಾಣಿಸಿಕೊಳ್ಳಬೇಕೆಂದರೆ ಗಾಯಗೊಳ್ಳಬೇಕು, ಇಲ್ಲವೇ ಸಾಯಬೇಕು. ಸತ್ತವರ ಪರಿಹಾರವನ್ನು 2022ರ ಡಿಸೆಂಬರಿನಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಬದುಕಿ, ಆನೆಯ ದೆಸೆಯಿಂದ ವಾರದಲ್ಲಿ ಎರಡು ದಿನದ ಕೂಲಿ ಕಳೆದುಕೊಂಡವಳಿಗೆ ಏನು ಕೊಡುತ್ತೀರಿ ಎಂದು ಯಾರೂ ಕೇಳಿದಂತಿಲ್ಲ.

ನಿಮಗೆ ಅರ್ಜುನ ನೆನಪಿದ್ದಾನೆ. ಎಂಟು ಸಲ ದಸರಾ ಅಂಬಾರಿ ಹೊತ್ತವನು 2023ರ ಡಿಸೆಂಬರ್ 4ರಂದು ಇಲ್ಲೇ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಇಡೀ ರಾಜ್ಯ ಕಣ್ಣೀರಿಟ್ಟಿತು, ಇಡಬೇಕಾದದ್ದೇ. ಅದಕ್ಕೆ ಮೂರು ತಿಂಗಳ ಮುಂಚೆ, ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಹೊಡೆಯಲು ಹೋದ ನಮ್ಮದೇ ತಾಲ್ಲೂಕಿನ ಅನುಭವಿ ಶೂಟರ್ ಅದೇ ಭೀಮನ ಕಾಲಿಗೆ ಸಿಕ್ಕಿ ಸತ್ತರು. ಆನೆಯ ಜೀವ ಉಳಿಸಲು ಹೋಗಿದ್ದರು. ಅವರ ಹೆಸರು ನಿಮಗೆ ನೆನಪಿದೆಯೇ?

ಆದರೂ ಇಲ್ಲಿ ದ್ವೇಷವೇ ತುಂಬಿದೆ ಎಂದುಕೊಳ್ಳಬೇಡಿ. ಕಳೆದ ಕಾರ್ತಿಕದಲ್ಲಿ ನಮ್ಮ ಗದ್ದೆಬಯಲಿಗೆ ಆನೆ ಇಳಿದಾಗ ಪಕ್ಕದ ಮನೆಯ ಅಜ್ಜಿ ಜಗುಲಿಯಲ್ಲಿ ನಿಂತು ಕೈಮುಗಿದು, ‘ತಿನ್ನೋದು ತಿನ್ನಪ್ಪಾ ಗಣಪ, ತುಳೀಬ್ಯಾಡ’ ಎಂದು ಕೂಗುತ್ತಿದ್ದರು. ಬೆಳಗ್ಗೆ ಹೋಗಿ ನೋಡಿದರೆ ತಿಂದದ್ದು ಒಂದು ಪಾಲು, ತುಳಿದದ್ದು ಮೂರು ಪಾಲು. ಹಾಲುಗಟ್ಟಿದ ತೆನೆ ಕೆಸರಲ್ಲಿ ಅಂಟಿಕೊಂಡು, ಹೆಜ್ಜೆಯ ಗುಂಡಿಗಳಲ್ಲಿ ನೀರು ನಿಂತಿತ್ತು. ಅಜ್ಜಿ ಆನೆಯನ್ನು ಬೈಯಲಿಲ್ಲ. ಈ ವರ್ಷ ಅವರು ಗದ್ದೆ ನಾಟಿ ಮಾಡಿಸಲೂ ಇಲ್ಲ. ಸಹಬಾಳ್ವೆಯ ಉಪನ್ಯಾಸಗಳಲ್ಲಿ ಇಂಥ ಬೀಳುಗದ್ದೆಗಳ ಚಿತ್ರ ತೋರಿಸಿದ್ದನ್ನು ನಾನು ಕಂಡಿಲ್ಲ.

ಬಡಾವಣೆಗೊಂದು ಆನೆ ಕಷ್ಟವಾಗುತ್ತದೆ, ನನಗೂ ಗೊತ್ತು. ನಿಮ್ಮ ರಸ್ತೆಗಳಲ್ಲಿ ಆನೆಯೇ ಬದುಕಿ ಉಳಿಯುವುದಿಲ್ಲ. ಆದ್ದರಿಂದ ಆನೆ ನಮ್ಮಲ್ಲೇ ಇರಲಿ, ಖರ್ಚಿನಲ್ಲಿ ಪಾಲು ನಿಮ್ಮದಿರಲಿ. ಹೋಂಸ್ಟೇ, ರೆಸಾರ್ಟು, ಸಫಾರಿ ಬಿಲ್ಲಿನಲ್ಲಿ ಒಂದು ಆನೆ ಸೆಸ್ ಹಾಕಿಸಿ. ಆ ದುಡ್ಡಿನಲ್ಲಿ ಆನೆ ಬಂದು ಕೆಲಸ ನಿಂತ ದಿನ ತೋಟದ ಆಳುಗಳಿಗೆ ಅಂದಿನ ಕೂಲಿ ಸಿಗಲಿ. ಎಚ್ಚರಿಕೆಯ ಸಂದೇಶ ಅವರಿಗೆ ತಿಳಿಯುವ ಭಾಷೆಯಲ್ಲಿ, ಓದಲು ಬಾರದವರಿಗೆ ದನಿಯಲ್ಲಿ ಹೋಗಲಿ. ಪಹಣಿ ಇಲ್ಲದವನ ಗದ್ದೆಯೂ ಗದ್ದೆಯೆಂದು ಲೆಕ್ಕಕ್ಕೆ ಬರಲಿ. ಇದನ್ನು ನಾವು ಬರೆದು ಕೊಟ್ಟ ಅರ್ಜಿಗಳು ತಾಲ್ಲೂಕು ಕಚೇರಿಯ ಬೀರುವಿನಲ್ಲಿವೆ. ನೀವು ಬರೆದರೆ ಮಂತ್ರಿಗಳ ಕಣ್ಣಿಗೆ ಬೀಳುತ್ತದೆ. ದಯಮಾಡಿ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮೂರು ಎಕರೆ ಕಾಫಿ, ಒಂದು ಎಕರೆ ಗದ್ದೆಯ ಬೆಳೆಗಾರ
(ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದೆ)